ಆಂಕರ್ ಹುಳು ಕಿತ್ತಾಗ ಕೋಯ್ ಮೀನಿಗೆ ಆಗುವ ನೋವು: ನನ್ನ ತೊಟ್ಟಿಗಳ ಲೆಕ್ಕ

ಮೀನಿನ ಮೈಗೆ ಕಚ್ಚಿಕೊಂಡು ಬದುಕುವ ಪರಾವಲಂಬಿಯಾದ ಆಂಕರ್ ಹುಳು ಹತ್ತಿದ ಕೋಯ್ ಎಂಬ ಬಣ್ಣದ ಮೀನನ್ನು ಒದ್ದೆ ಬಟ್ಟೆಯಲ್ಲಿ ಅದುಮಿ ಹಿಡಿದು, ಚಿಮುಟದಿಂದ ಹುಳುವನ್ನು ಬುಡಸಮೇತ ಕಿತ್ತು, ಗಾಯಕ್ಕೆ ಬೆಟಾಡಿನ್ ಸವರಿ ತೊಟ್ಟಿಗೆ ಬಿಡುವುದು ಮೀನು ಸಾಕುವವರೆಲ್ಲರೂ ಮಾಡಿಕೊಂಡು ಬಂದಿರುವ ಕೆಲಸ. ನಾನು ಕೆಲವು ವರ್ಷಗಳಿಂದ ಮೀನಿಗೆ ಮೊದಲು ಲವಂಗದ ಎಣ್ಣೆಯ ನೀರಿನಲ್ಲಿ ಮಂಪರು ಬರಿಸಿ, ಆಮೇಲೆ ಹುಳು ಕಿತ್ತು, ಪಶುವೈದ್ಯರು ಬರೆದುಕೊಟ್ಟ ಮರಗಟ್ಟಿಸುವ ಜೆಲ್ಲಿಯನ್ನು ಗಾಯಕ್ಕೆ ಹಚ್ಚಿ, ಬಿಟ್ಟ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಗಡಿಯಾರ ನೋಡಿಕೊಂಡು ಬರೆದಿಡುತ್ತಿದ್ದೇನೆ. ಮೀನಿಗೆ ನೋವೆಂಬುದೇ ಇಲ್ಲ, ಇದು ದುಡ್ಡಿಗೂ ಹೊತ್ತಿಗೂ ದಂಡ ಎಂದು ಜೊತೆಯ ಹವ್ಯಾಸಿಗಳು ಬಹಳ ಕಾಲ ಹೇಳಿದರು. ಕಳೆದ ಮಳೆಗಾಲದ ಲಾಟಿನ ಫಲಿತಾಂಶವನ್ನು ಕಣ್ಣಾರೆ ನೋಡಿದ ಮೇಲೆ ಅವರಲ್ಲಿಯೇ ಇಬ್ಬರು ತಮ್ಮ ತೊಟ್ಟಿಗಳಲ್ಲಿ ಇದನ್ನು ಶುರು ಮಾಡಿದ್ದಾರೆ. ಆದ್ದರಿಂದ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ನನ್ನ ತೊಟ್ಟಿಗಳು ತುಮಕೂರಿನ ಹೊರವಲಯದಲ್ಲಿ, ಮನೆಯ ಹಿತ್ತಲಿನಲ್ಲಿವೆ. ಕೋಯ್ ಮತ್ತು ಗೋಲ್ಡ್‌ಫಿಶ್ ಎರಡನ್ನೂ ಸಾಕುತ್ತೇನೆ. ಮರಿಗಳು ಚೆನ್ನೈನ ಕೊಳತ್ತೂರಿನಿಂದ ಆಮ್ಲಜನಕ ತುಂಬಿದ ಚೀಲಗಳಲ್ಲಿ ಬರುತ್ತವೆ. ಮಳೆಗಾಲದ ಲಾಟುಗಳ ಜೊತೆಗೆ ಆಂಕರ್ ಹುಳುವೂ ತಪ್ಪದೆ ಬರುತ್ತದೆ. ಡಿಮಿಲಿನ್ ಎಂಬ ಕೀಟನಾಶಕ ಹಾಕಿದರೆ ನೀರಿನಲ್ಲಿರುವ ಹುಳುಮರಿಗಳು ಸಾಯುತ್ತವೆ, ಆದರೆ ಮಾಂಸದೊಳಗೆ ತಲೆ ಹುದುಗಿಸಿಕೊಂಡ ಹೆಣ್ಣು ಹುಳುವನ್ನು ಕೈಯಿಂದ ಕೀಳಲೇಬೇಕು ಎಂಬುದು ನಿಮಗೆ ಗೊತ್ತೇ ಇದೆ. ಕಿತ್ತ ಜಾಗದಲ್ಲಿ ಕೆಂಪು ಕುಳಿಯೊಂದು ಉಳಿಯುತ್ತದೆ, ಎಷ್ಟೋ ಸಲ ಸುತ್ತಲಿನ ಒಂದೆರಡು ಹುರುಪೆಗಳೂ ಎದ್ದು ಬರುತ್ತವೆ. ಆ ಗಾಯ ಹುಣ್ಣಾಗಿ ಮೀನು ಸಾಯುವುದೇ ನನಗೆ ಅತ್ಯಂತ ದೊಡ್ಡ ನಷ್ಟವಾಗಿತ್ತು. ಈ ಹುಣ್ಣಿನ ಬೆನ್ನು ಹತ್ತಿಯೇ ನಾನು ನೋವಿನ ಪ್ರಶ್ನೆಗೆ ಬಂದದ್ದು.

ಊರಿನ ಹಿರಿಯ ಹವ್ಯಾಸಿಯೊಬ್ಬರು ನನ್ನ ಲವಂಗದ ಎಣ್ಣೆಯ ಬಕೆಟ್ಟನ್ನು ನೋಡಿ, "ಏನ್ರೀ, ಮೀನಿಗೂ ಅನಸ್ತೇಷಿಯಾ ಕೊಡೋಕೆ ಹೊರಟಿದ್ದೀರಾ? ಗಾಳದಿಂದ ತಪ್ಪಿಸಿಕೊಂಡ ಮೀನು ಹತ್ತು ನಿಮಿಷಕ್ಕೆ ಮತ್ತೆ ಅದೇ ಗಾಳ ಕಚ್ಚುತ್ತೆ. ನೋವಾಗಿದ್ದರೆ ಕಚ್ಚುತ್ತಿತ್ತಾ?" ಎಂದು ಕೇಳಿದ್ದರು. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯೂಕೆಮಾ ಎಂಬ ಸಂಶೋಧಕರು ಕಾರ್ಪ್ ಮೀನುಗಳ ಮೇಲೆಯೇ ಇದನ್ನು ಪರೀಕ್ಷಿಸಿ 1970ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇದೆ: ಒಮ್ಮೆ ಗಾಳಕ್ಕೆ ಸಿಕ್ಕಿದ ಕಾರ್ಪ್ ಮತ್ತೊಮ್ಮೆ ಸಿಗುವುದು ಬಹಳ ಕಡಿಮೆಯಾಗಿತ್ತು. ಕೋಯ್ ಕೂಡ ಬಣ್ಣಕ್ಕಾಗಿ ಆಯ್ದು ಬೆಳೆಸಿದ ಕಾರ್ಪ್ ಜಾತಿಯ ಮೀನೇ ಆದ್ದರಿಂದ ಈ ಸಂಗತಿ ನಮಗೆ ನೇರವಾಗಿ ಅನ್ವಯಿಸುತ್ತದೆ.

ಇನ್ನೊಂದು ವಾದ ಮಿದುಳಿನದು. ಮನುಷ್ಯರಲ್ಲಿ ನೋವಿನ ಅರಿವಿಗೆ ಬೇಕಾದ ನಿಯೋಕಾರ್ಟೆಕ್ಸ್ ಎಂಬ ಮಿದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ನೋವೂ ಇಲ್ಲ ಎಂದು ಅಮೆರಿಕದ ಜೇಮ್ಸ್ ರೋಸ್ 2002ರಲ್ಲಿ ಬರೆದರು. ಮರುವರ್ಷವೇ, 2003ರಲ್ಲಿ, ಸ್ಕಾಟ್ಲೆಂಡಿನ ಲಿನ್ ಸ್ನೆಡ್ಡನ್ ಮತ್ತು ಅವರ ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಗ್ರಾಹಕಗಳಿರುವುದನ್ನು ತೋರಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿದ ಮೀನುಗಳ ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಅವು ಮೂರು ಗಂಟೆಯ ಹೊತ್ತು ಮೇವು ಮುಟ್ಟಲಿಲ್ಲ, ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಈ ನಡವಳಿಕೆಗಳು ಇಳಿದವು. ನನಗೆ ನಾಟಿದ್ದು ಈ ಕೊನೆಯ ಮಾತು. ಬರೀ ತನ್ನಿಂತಾನೇ ಆಗುವ ಕ್ಷಣದ ಪ್ರತಿಕ್ರಿಯೆಯಾಗಿದ್ದರೆ ಅದು ಗಂಟೆಗಟ್ಟಲೆ ಉಳಿಯಬೇಕಿರಲಿಲ್ಲ, ನೋವಿನ ಔಷಧಕ್ಕೆ ಇಳಿಯಬೇಕೂ ಇರಲಿಲ್ಲ. ಅದನ್ನು ಓದಿದ ದಿನವೇ ಉಜ್ಜುವುದು, ಮೇವು, ಉಸಿರು ಎಂಬ ಮೂರು ಕಲಂಗಳನ್ನು ಎಳೆದು ನೋಟ್‌ಬುಕ್ ತೆರೆದೆ.

ಮೊದಲು ಕೈಕೊಟ್ಟಿದ್ದು ಎಣ್ಣೆ. ಗ್ರಂಥಿಗೆ ಅಂಗಡಿಯಿಂದ ತಂದ ಬಾಟಲಿಗೆ ಲವಂಗದ ವಾಸನೆ ಜೋರಾಗಿತ್ತೇ ಹೊರತು ಮೀನಿಗೆ ಮಂಪರು ಬರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ಎಣ್ಣೆಯೇ ಇದ್ದಿರಬೇಕು. ಔಷಧದ ಅಂಗಡಿಯಲ್ಲಿ ಹಲ್ಲುನೋವಿಗೆಂದು ಮಾರುವ ಎಣ್ಣೆ ಕೆಲಸ ಮಾಡಿತು, ಆದರೆ ನೇರವಾಗಿ ಬಕೆಟ್ಟಿಗೆ ಬಿಟ್ಟರೆ ಮೇಲೆ ತೇಲುತ್ತ ನಿಂತು, ಉಸಿರಾಡಲು ಮೇಲೆ ಬಂದ ಮೀನಿನ ಕಿವಿರಿಗೆ ಹನಿಹನಿಯಾಗಿ ಅಂಟಿಕೊಳ್ಳುತ್ತಿತ್ತು. ಒಂದು ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನೊಂದಿಗೆ ಸೇರಿಸಿ, ಮಜ್ಜಿಗೆಯಂತೆ ಬೆಳ್ಳಗಾಗುವವರೆಗೆ ಕುಲುಕಿ, ಆಮೇಲೆ ಬಕೆಟ್ಟಿಗೆ ಹಾಕುವ ಕ್ರಮ ಬಂದ ಮೇಲೆ ಈ ತೊಂದರೆ ತಪ್ಪಿತು. ಎರಡನೆಯ ಕಂಪನಿಯ ಬಾಟಲಿ ಮೊದಲಿನದಕ್ಕಿಂತ ತುಂಬಾ ಗಡುಸಾಗಿದ್ದು, ಹಳೆಯ ಅಳತೆಯಲ್ಲೇ ಹಾಕಿದಾಗ ಆರೇಳು ಸಾವಿರ ಬೆಲೆಯ ಕೊಹಾಕು ತಳಿಯ ಕೋಯ್ ಒಂದು ಮತ್ತೆ ಏಳಲೇ ಇಲ್ಲ. ಈಗ ಹತ್ತು ಲೀಟರ್ ನೀರಿಗೆ ಅರ್ಧ ಮಿಲಿಲೀಟರಿನ ಆಸುಪಾಸಿನಲ್ಲಿ ನಿಲ್ಲುತ್ತೇನೆ. ಹೊಸ ಬಾಟಲಿಯಾದರೆ ಅದರ ಅರ್ಧದಿಂದ ಆರಂಭಿಸಿ, ಮೀನು ಮಗ್ಗುಲಾಗುವವರೆಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತೇನೆ. ಡಿಸೆಂಬರಿನ ತಣ್ಣೀರಿನಲ್ಲಿ ಮಂಪರು ಬರುವುದೂ ನಿಧಾನ, ಇಳಿಯುವುದೂ ನಿಧಾನ. ಆ ತಿಂಗಳುಗಳ ಅಂಕಿಗಳನ್ನು ಬೇರೆ ಪುಟದಲ್ಲಿಯೇ ಬರೆಯುತ್ತೇನೆ.

ಅದರ ನಂತರ ಕೈಕೊಟ್ಟಿದ್ದು ಮೇವಿನ ಲೆಕ್ಕ. ಗೋಲ್ಡ್‌ಫಿಶ್‌ಗಳಲ್ಲಿ ಅದು ಸರಿಯಾಗಿ ನಡೆಯಿತು: ಮಂಪರಿಲ್ಲದೆ ಹುಳು ಕಿತ್ತ ಮೀನು ಸಾಮಾನ್ಯವಾಗಿ ಮರುದಿನ ಬೆಳಗಿನವರೆಗೆ ಮೇವಿನ ಕಡೆಗೆ ತಿರುಗುತ್ತಿರಲಿಲ್ಲ, ಮಂಪರು ಮತ್ತು ಜೆಲ್ಲಿ ಎರಡೂ ಸಿಕ್ಕಿದ್ದು ಸಂಜೆಯೊಳಗೆ ತಿನ್ನುತ್ತಿತ್ತು. ಕೋಯ್ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಬೆನ್ನಿನ ಮೇಲೆ ತೆರೆದ ಗಾಯವಿದ್ದರೂ ಕಾಳು ಬಿದ್ದ ಸದ್ದಿಗೆ ಮೇಲೆ ಬಂದು ಬಾಯಿ ತೆರೆಯುವ ಮೀನು ಅದು. ನನ್ನ ವಿರೋಧಿಗಳು ಇದನ್ನೇ ಹಿಡಿದುಕೊಂಡು, ನೋವಿದ್ದರೆ ಹೀಗೆ ತಿನ್ನುವುದುಂಟೇ ಎಂದರು. ನಾನು ತೊಟ್ಟಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ನೋಡಲಾರಂಭಿಸಿದ ಮೇಲೆ ಉತ್ತರ ಸಿಕ್ಕಿತು. ತಿಂದ ಕೋಯ್ ಗುಂಪಿನೊಂದಿಗೆ ತಿರುಗದೆ ತಳಕ್ಕಿಳಿಯುತ್ತದೆ, ಎದೆಯ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಕ್ಷಣಹೊತ್ತು ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಹೊರಳಿ, ಗಾಯವಿರುವ ಮಗ್ಗುಲನ್ನೇ ಆರಿಸಿಕೊಂಡು ತೊಟ್ಟಿಯ ಗೋಡೆಗೆ ಉಜ್ಜುತ್ತದೆ. ಹುಳುವಿದ್ದಾಗಲೂ ಮೀನು ತುರಿಕೆಗೆ ಉಜ್ಜಿಕೊಳ್ಳುತ್ತದೆ ನಿಜ, ಆದರೆ ಆಗ ಎರಡೂ ಮಗ್ಗುಲನ್ನು ಉಜ್ಜುವುದುಂಟು. ಕಿತ್ತ ಮೇಲಿನ ಉಜ್ಜಾಟ ಗಾಯದ ಜಾಗಕ್ಕೆ ಕಟ್ಟಿಕೊಂಡಿರುತ್ತದೆ.

ಆ ದಿನದಿಂದ ಕೋಯ್‌ಗಳಿಗೆ ಉಜ್ಜುವ ಲೆಕ್ಕವೊಂದನ್ನೇ ಮುಖ್ಯವಾಗಿಟ್ಟುಕೊಂಡೆ. ನೆನಪಿನಿಂದ ಹೇಳುವ ಅಂಕಿಗಳಿವು. ಹಳೆಯ ಕ್ರಮದಲ್ಲಿ ಹುಳು ಕಿತ್ತ ಮೀನು ಮೊದಲ ಎರಡು ಗಂಟೆಗಳಲ್ಲಿ, ಹತ್ತು ನಿಮಿಷಕ್ಕೆ ಹನ್ನೆರಡು ಹದಿನೈದು ಸಲ ಉಜ್ಜುತ್ತಿತ್ತು. ಲವಂಗದ ಎಣ್ಣೆ ಮಾತ್ರ ಸಿಕ್ಕ ಮೀನು ಮೊದಲು ಸುಮ್ಮನಿದ್ದು, ಮಂಪರು ಪೂರ್ತಿ ಇಳಿದ ಮೇಲೆ ಏಳೆಂಟು ಸಲಕ್ಕೆ ಬರುತ್ತಿತ್ತು. ಎಣ್ಣೆಯ ಜೊತೆಗೆ ಜೆಲ್ಲಿಯೂ ಸಿಕ್ಕಿದ್ದು ಎರಡು ಮೂರು ಸಲಕ್ಕಿಂತ ಹೆಚ್ಚು ಉಜ್ಜಿದ್ದು ಅಪರೂಪ. ಎಣ್ಣೆಯ ನೀರಿಗೇ ಮೀನು ಹೀಗೆ ಆಡುತ್ತಿರಬಹುದೆಂಬ ಸಂಶಯಕ್ಕೆ ಎಡೆಯಿರಬಾರದೆಂದು ಹುಳುವೇ ಇಲ್ಲದ ಕೆಲವು ಮೀನುಗಳಿಗೂ ಮಂಪರು ಬರಿಸಿ, ಬಟ್ಟೆಯಲ್ಲಿ ಹಿಡಿದು ಬಿಟ್ಟೆ. ಅವು ಅರ್ಧ ಗಂಟೆಯಲ್ಲಿ ಗುಂಪಿಗೆ ಸೇರಿದವು, ಉಜ್ಜಲಿಲ್ಲ. ಈ ನಾಲ್ಕು ಸಾಲುಗಳನ್ನು ಒಟ್ಟಿಗೆ ನೋಡಿದವರು ಮೀನಿಗೆ ನೋವಿಲ್ಲವೆಂದು ನನ್ನ ಎದುರು ಮತ್ತೆ ಹೇಳಿದ್ದಿಲ್ಲ. ಇಷ್ಟು ಅಚ್ಚುಕಟ್ಟಾಗಿ ಈ ಲೆಕ್ಕ ಇಟ್ಟವರನ್ನು ನಮ್ಮ ಸುತ್ತಮುತ್ತ ನಾನು ಬೇರೆ ಕಂಡಿಲ್ಲ ಎಂಬುದನ್ನೂ ಸಂತೋಷದಿಂದ ಹೇಳಿಕೊಳ್ಳುತ್ತೇನೆ.

ಜೆಲ್ಲಿಯನ್ನು ಬರೆಸಿಕೊಳ್ಳುವುದೇ ಒಂದು ಕಷ್ಟವಾಗಿತ್ತು. ಮೊದಲು ಹೋದ ಕಡೆ ನಾಯಿ, ಹಸುಗಳಿಗೆ ಬರೆದುಕೊಡುತ್ತೇವೆ, ಮೀನಿಗೆ ಯಾರೂ ಬರೆಯುವುದಿಲ್ಲ ಎಂದು ವಾಪಸು ಕಳುಹಿಸಿದರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳೂ ಪ್ರಾಣಿಗಳೇ ಎಂದಿರುವುದನ್ನು ತೋರಿಸಿದರೂ ಪ್ರಯೋಜನವಾಗಲಿಲ್ಲ. ಎರಡನೆಯ ವೈದ್ಯರು ನನ್ನ ನೋಟ್‌ಬುಕ್ಕನ್ನು ಓದಿ, ಮೀನಿನ ತೂಕ ಕೇಳಿ, ಕಡಲೆಕಾಳಿನಷ್ಟಕ್ಕಿಂತ ಹೆಚ್ಚು ಹಚ್ಚಕೂಡದೆಂಬ ಕಟ್ಟಪ್ಪಣೆಯೊಂದಿಗೆ ಬರೆದುಕೊಟ್ಟರು. ಈ ಔಷಧ ಮೈಗೆ ಹೆಚ್ಚಾಗಿ ಇಳಿದರೆ ಮೀನಿಗೆ ಅಪಾಯ. ವೈದ್ಯರನ್ನು ಕೇಳದೆ ಯಾರೂ ಇದಕ್ಕೆ ಕೈಹಾಕಬಾರದು. ಜೆಲ್ಲಿ ನೀರಿನಲ್ಲಿ ಕೂಡಲೇ ತೊಳೆದುಹೋಗುತ್ತದೆ. ಅದು ಅರ್ಧ ದಿನ ಗಾಯದ ಮೇಲೆ ನಿಲ್ಲುವಂತೆ ಮಾಡಲು ನಾನು ಬೆರೆಸುವ ವಸ್ತುವನ್ನು ಕಂಡುಕೊಳ್ಳಲು ಎರಡು ಮಳೆಗಾಲ ಹಿಡಿಯಿತು, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಗಾಯವನ್ನು ಒರೆಸುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಎದುರಿಗೆ ಬಂದವರಿಗೆ ತೋರಿಸುತ್ತೇನೆ, ಬರೆದರೆ ತಪ್ಪಾಗಿ ಮಾಡುವ ಸಾಧ್ಯತೆಯೇ ಹೆಚ್ಚು.

ಈ ನಡುವೆ ಬೇರೆ ಕೆಲವನ್ನೂ ಮಾಡಿ ನೋಡಿದೆ. ಸ್ನೆಡ್ಡನ್ ತಂಡದವರು ಟ್ರೌಟ್‌ಗಳ ತೊಟ್ಟಿಗೆ ಬಣ್ಣದ ಲೆಗೊ ಇಟ್ಟಿಗೆಗಳ ಗೋಪುರವೊಂದನ್ನು ಇಟ್ಟು ನೋಡಿದ್ದರು: ಆರೋಗ್ಯವಾಗಿರುವ ಮೀನು ಹೊಸ ವಸ್ತುವಿನಿಂದ ದೂರ ಸರಿಯುತ್ತದೆ, ನೋವಿನಲ್ಲಿರುವುದು ಅದನ್ನು ಗಮನಿಸುವುದೇ ಇಲ್ಲ. ನಾನು ಬಣ್ಣದ ಡಬ್ಬಿಯ ಕೆಂಪು ಮುಚ್ಚಳಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಗುಂಪಿನ ಮೀನುಗಳೆಲ್ಲ ಮೂಲೆ ಸೇರಿದವು. ಆಗಷ್ಟೇ ಹುಳು ಕೀಳಿಸಿಕೊಂಡಿದ್ದ ಒಂದು ಷೋವಾ ತಳಿಯ ಕೋಯ್ ಮಾತ್ರ ಮುಚ್ಚಳದ ಪಕ್ಕದಲ್ಲಿಯೇ ನಿಧಾನವಾಗಿ ಹಾದುಹೋಗಿ ಅದೇ ಗೋಡೆಗೆ ಮೈ ಉಜ್ಜಿತು. ಎರಡನೆಯ ವಾರದ ಹೊತ್ತಿಗೆ ಮೀನುಗಳಿಗೆ ಮುಚ್ಚಳದ ಪರಿಚಯವಾಗಿ ಯಾವುದೂ ಹೆದರದ ಕಾರಣ ಪ್ರತಿ ಸಲವೂ ಹೊಸ ವಸ್ತು ಹುಡುಕಬೇಕಾಯಿತು.

ಭಯದ ವಿಷಯದಲ್ಲಿ ನನಗೆ ಸಂಶಯವೇ ಉಳಿದಿಲ್ಲ. ಹಸಿರು ಬಲೆಯನ್ನು ನೀರಿಗಿಳಿಸದೆ ತೊಟ್ಟಿಯ ಅಂಚಿನಲ್ಲಿ ತೋರಿಸಿದರೆ ಸಾಕು, ಹಿಂದೆ ಅದರಲ್ಲಿ ಸಿಕ್ಕಿದ್ದ ಮೀನುಗಳು ತಳ ಹಿಡಿಯುತ್ತವೆ. ಹೊಸದಾಗಿ ಬಂದವು ಮೇವೆಂದು ಮೇಲೆ ಬರುತ್ತವೆ. ಬಲೆ ಬಿಟ್ಟು ಬೋಗುಣಿಯಿಂದ ನೀರಿನ ಸಮೇತ ಎತ್ತಲು ಶುರು ಮಾಡಿದ ಮೇಲೆ ಮಂಪರಿಗೆ ಬೇಕಾಗುವ ಎಣ್ಣೆಯೇ ಕಡಿಮೆಯಾಯಿತು. ಹೆದರಿದ ಮೀನು ಬೆಚ್ಚಗಿನ ನೀರನ್ನು ಆರಿಸಿಕೊಳ್ಳುತ್ತದೆಯೇ ಎಂಬುದನ್ನೂ ನೋಡಿದೆ. ಜೀಬ್ರಾ ಮೀನುಗಳನ್ನು ಸ್ವಲ್ಪ ಹೊತ್ತು ಬಲೆಯಲ್ಲಿ ಬಂಧಿಸಿ ಬಿಟ್ಟಾಗ ಅವು ಬೆಚ್ಚಗಿನ ಕೋಣೆಗೆ ಹೋಗಿ ಮೈಯ ಉಷ್ಣತೆಯನ್ನು ಎರಡರಿಂದ ನಾಲ್ಕು ಡಿಗ್ರಿಯಷ್ಟು ಏರಿಸಿಕೊಂಡವೆಂದು 2015ರಲ್ಲಿ ಪ್ರಕಟವಾಗಿತ್ತು. ಉದ್ದನೆಯ ಗಾಜಿನ ಟ್ಯಾಂಕಿನ ಒಂದು ತುದಿಗೆ ಹೀಟರ್ ಇಟ್ಟೆ. ನೀರಿಗೆ ಗಾಳಿ ಬಿಡುವ ಏರ್ ಸ್ಟೋನಿನ ಗುಳ್ಳೆಗಳು ನೀರನ್ನೆಲ್ಲ ಕಲಸಿ ವ್ಯತ್ಯಾಸವನ್ನೇ ಅಳಿಸಿಹಾಕಿದವು. ನಡುವೆ ತೂತಿನ ಹಾಳೆಗಳನ್ನು ನಿಲ್ಲಿಸಿ ಮೂರು ಡಿಗ್ರಿಯ ಅಂತರವನ್ನು ಉಳಿಸಿಕೊಂಡೆನಾದರೂ, ಚಳಿಗಾಲವಾದ್ದರಿಂದ ಬಲೆ ಕಾಣದ ಗೋಲ್ಡ್‌ಫಿಶ್‌ಗಳೂ ಬೆಚ್ಚಗಿನ ತುದಿಗೇ ಸೇರಿಕೊಂಡವು. ಹೀಟರ್, ಗಾಜು, ಕರೆಂಟು ಸೇರಿ ಐದು ಸಾವಿರದಷ್ಟು ಖರ್ಚಾಯಿತು. ಬೇಸಿಗೆಯಲ್ಲಿ ಮತ್ತೆ ಮಾಡಬೇಕಾದ ಕೆಲಸ ಅದು. ಮೀನಿಗೆ ಪ್ರೀತಿ, ದುಃಖಗಳಿವೆಯೇ ಎಂಬ ಪ್ರಶ್ನೆಗೆ ನನ್ನ ತೊಟ್ಟಿಗಳಿಂದ ಉತ್ತರ ಹುಟ್ಟಿಲ್ಲವಾದ್ದರಿಂದ ಆ ಕುರಿತು ಏನನ್ನೂ ಹೇಳುವುದಿಲ್ಲ.

ದುಡ್ಡಿನ ವಿಚಾರಕ್ಕೆ ಬಂದರೆ, ಮೊದಲು ಹುಳು ಕಿತ್ತ ಪ್ರತಿ ಹತ್ತು ಮೀನುಗಳಲ್ಲಿ ಮೂರು ನಾಲ್ಕಕ್ಕೆ ಹುಣ್ಣಾಗುತ್ತಿತ್ತು. ಉಜ್ಜಿ ಉಜ್ಜಿ ಗಾಯ ಮತ್ತೆ ತೆರೆದುಕೊಳ್ಳುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ಈಗ ನನಗೆ ಖಚಿತವಾಗಿದೆ. ಒಂದು ಲಾಟಿಗೆ ಎಂಟು ಹತ್ತು ಸಾವಿರ ರೂಪಾಯಿಯ ಮೀನು ಹೀಗೆ ಹೋಗುತ್ತಿತ್ತು, ಹುಣ್ಣಿನ ಔಷಧದ ಖರ್ಚು ಬೇರೆ. ಕಳೆದ ಮಳೆಗಾಲದಲ್ಲಿ ಹತ್ತಕ್ಕೆ ಒಂದಕ್ಕೂ ಹುಣ್ಣಾಗಲಿಲ್ಲವೆನ್ನಬಹುದು. ನಷ್ಟ ಎರಡು ಸಾವಿರದೊಳಗೆ ನಿಂತಿತು. ಎಣ್ಣೆ, ಜೆಲ್ಲಿ, ವೈದ್ಯರ ಫೀಸು ಎಲ್ಲ ಸೇರಿ ಲಾಟಿಗೆ ಸಾವಿರದ ಇನ್ನೂರರಷ್ಟು ಆಗುತ್ತದೆ. ಹೊತ್ತು ಮಾತ್ರ ಮೊದಲಿಗಿಂತ ಮೂರು ಪಟ್ಟು ಬೇಕು, ಅದನ್ನು ಕಡಿಮೆ ಮಾಡುವ ದಾರಿ ನನಗೆ ಸಿಕ್ಕಿಲ್ಲ.

ಶುರು ಮಾಡುವವರು ಎಣ್ಣೆಯ ಬಕೆಟ್ಟಿಗಿಂತ ಮೊದಲು ಚೇತರಿಕೆಯ ಟಬ್ಬನ್ನು ಸಿದ್ಧ ಮಾಡಿಕೊಳ್ಳಬೇಕು. ನೀರು ಅದೇ ತೊಟ್ಟಿಯದಾಗಿರಲಿ, ಏರ್ ಪಂಪ್ ಓಡುತ್ತಿರಲಿ. ಮೀನು ಮಗ್ಗುಲಾದ ಮೇಲೂ ಕಿವಿರಿನ ಮುಚ್ಚಳ ಆಡುತ್ತಲೇ ಇರಬೇಕು. ಅದು ನಿಲ್ಲುವಂತೆ ಕಂಡರೆ ಹುಳು ಅರ್ಧ ಕಿತ್ತಿದ್ದರೂ ಅಲ್ಲಿಗೇ ಬಿಟ್ಟು ಟಬ್ಬಿಗೆ ಹಾಕಿ, ಏರ್ ಸ್ಟೋನಿನ ಹತ್ತಿರ ಬಾಯಿ ಮುಂದಾಗಿ ಹಿಡಿದುಕೊಳ್ಳಿ. ಮೊದಲ ದಿನ ಒಂದೇ ಮೀನು ಸಾಕು, ಅದೂ ಕಡಿಮೆ ಬೆಲೆಯದೆಂದು ಆರಿಸಿದ್ದಾಗಿರದೆ, ಹುಳು ನಿಜವಾಗಿಯೂ ಹತ್ತಿದ್ದಾಗಿರಲಿ.