ಫಾಲ್ಸ್ ಸೀಲಿಂಗ್: ಜಾಯಿಂಟಿನ ಗೆರೆ ಕಾಣದಂತೆ ಮಾಡುವುದು ಹೇಗೆ?

ಜಿಪ್ಸಮ್ ಬೋರ್ಡಿನ ಸೀಲಿಂಗ್ ಹಾಕಿಸಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮ ಹಾಲ್‌ನಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಎರಡು ಬೋರ್ಡು ಕೂಡುವ ಕಡೆ, ಗೆರೆ ಎಳೆದ ಹಾಗೆ ನೇರವಾಗಿ. ಕೆರೆದು ನೋಡಿದರೆ ಒಳಗೆ ಸಂದಿಯ ಮೇಲೆ ಅಂಟಿಸಬೇಕಾದ ಟೇಪೇ ಇರಲಿಲ್ಲ. ಗೋಡೆಗೆ ಹಚ್ಚುವ ಪುಟ್ಟಿಯನ್ನೇ ಸಂದಿಗೆ ತುಂಬಿ ಬಣ್ಣ ಬಳಿದಿದ್ದರು. ಸೀಲಿಂಗು ಬಿಸಿಲಿಗೆ, ತೇವಕ್ಕೆ ಸ್ವಲ್ಪವಾದರೂ ಅಲುಗುತ್ತದೆ. ಬರೀ ಪುಟ್ಟಿ ಅದನ್ನು ತಾಳುವುದಿಲ್ಲ. ಆಮೇಲೆ ಚಿಕ್ಕ ರೂಮಿನ ಜಾಯಿಂಟುಗಳನ್ನು ನಾನೇ ಮಾಡಿದೆ. ಮನೆಯವರೇ ಮಾಡಬಹುದಾದ ಕೆಲಸ ಇದು, ಅವಸರ ಮಾತ್ರ ಬೇಡ.

ಮೇಲಿನ ಫ್ರೇಮು ಗಟ್ಟಿಯಾಗಿರಬೇಕು. ಅದನ್ನು ಗೊತ್ತಿರುವವರಿಂದಲೇ ಮಾಡಿಸಿ. ನಮ್ಮಲ್ಲಿ ಸಿಗುವ ಬೋರ್ಡು ಸಾಮಾನ್ಯವಾಗಿ 6 ಅಡಿ ಉದ್ದ, 4 ಅಡಿ ಅಗಲ, 12.5 ಮಿ.ಮೀ. ದಪ್ಪ. ಉದ್ದದ ಅಂಚು ಸ್ವಲ್ಪ ತೆಳುವಾಗಿರುತ್ತದೆ. ಟೇಪು, ಕಾಂಪೌಂಡು (ಸಂದಿ ತುಂಬಲು ನೀರಲ್ಲಿ ಕಲಸುವ ಪುಡಿ) ಕೂರಲಿ ಅಂತಲೇ ಆ ತಗ್ಗು ಬಿಟ್ಟಿರುತ್ತಾರೆ. ನೀವು ಕತ್ತರಿಸಿದ ಅಂಚಿಗೆ ತಗ್ಗು ಇರುವುದಿಲ್ಲ ಅಲ್ವಾ? ಅಲ್ಲಿ ಚಾಕುವಿನಿಂದ ಓರೆಯಾಗಿ ಸವರಿ ಸಣ್ಣ ಕಣಿವೆ ಮಾಡಿ. ಇಟ್ಟಿಗೆ ಗೋಡೆಯ ಹಾಗೆ ಅಡ್ಡ ಜಾಯಿಂಟುಗಳನ್ನು, ಅಂದರೆ ಬೋರ್ಡಿನ ಗಿಡ್ಡ ಅಂಚುಗಳು ಕೂಡುವ ಕಡೆಯನ್ನು, ಸರಿಸಿ ಕೂರಿಸಿ. ನಾಲ್ಕು ಮೂಲೆ ಒಂದೇ ಕಡೆ ಕೂಡಬಾರದು.

ಬೋರ್ಡನ್ನು ಫ್ರೇಮಿಗೆ ಬಿಗಿಯಲು 25 ಮಿ.ಮೀ. ಸ್ಕ್ರೂ, ಸುಮಾರು 9 ಇಂಚಿಗೊಂದು. ತಲೆ ಒಂಚೂರು ಒಳಗಿಳಿಯಬೇಕು, ಆದರೆ ಬೋರ್ಡಿನ ಮೇಲಿನ ಕಾಗದ ಹರಿಯಬಾರದು. ಸ್ಕ್ರೂಗೆ ಹಿಡಿತ ಕೊಡುವುದೇ ಆ ಕಾಗದ. ಹರಿದರೆ ಪಕ್ಕದಲ್ಲೇ ಇನ್ನೊಂದು ಹಾಕಿ. ಆಮೇಲೆ ಪುಟ್ಟಿ ಬ್ಲೇಡನ್ನು ಸಾಲಿನುದ್ದಕ್ಕೂ ಎಳೆಯಿರಿ. ಟಕ್ ಅಂತ ಸದ್ದು ಬಂದರೆ ಅಲ್ಲಿ ತಲೆ ಎದ್ದಿದೆ ಎಂದರ್ಥ.

ಜಾಯಿಂಟಿಂಗ್ ಕಾಂಪೌಂಡ್ ಕಲಸುವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿರಲಿ. ಬಕೆಟ್ಟನ್ನು ಪ್ರತಿ ಸಲ ತೊಳೆಯಲೇಬೇಕು. ಹಿಂದಿನ ಸಲದ ಚೂರು ಉಳಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸದು ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಬೆರೆಸಬೇಡಿ, ಎಸೆಯಿರಿ.

ಈಗ ಟೇಪು. ಸೀಲಿಂಗಿಗೆ ನಾನು ಪೇಪರ್ ಟೇಪನ್ನೇ ಹೇಳುತ್ತೇನೆ. ಮೊದಲು ಸಂದಿಗೆ ಕಾಂಪೌಂಡ್ ಒತ್ತಿ ತುಂಬಿ, ಮೇಲೊಂದು ತೆಳು ಪದರ ಹಚ್ಚಿ. ಅದು ಹಸಿ ಇರುವಾಗಲೇ ಟೇಪಿನ ಮಡಿಕೆಗೆರೆ ಸಂದಿಯ ನಡುವೆ ಬರುವಂತೆ ಇಟ್ಟು, ನಡುವಿನಿಂದ ತುದಿಯ ಕಡೆಗೆ ಬ್ಲೇಡಿನಿಂದ ಒತ್ತುತ್ತಾ ಹೋಗಿ. ಎರಡೂ ಬದಿಯಲ್ಲಿ ಕಾಂಪೌಂಡ್ ಸಣ್ಣಗೆ ಹೊರಬರಬೇಕು. ಬರದಿದ್ದರೆ ಅಲ್ಲಿ ಟೇಪು ಒಣ ಬೋರ್ಡಿನ ಮೇಲೆ ಕೂತಿದೆ, ನಾಳೆ ಗುಳ್ಳೆ ಏಳುತ್ತದೆ. ಅಷ್ಟುದ್ದ ಎತ್ತಿ, ಕೆಳಗೆ ಹಚ್ಚಿ, ಮತ್ತೆ ಒತ್ತಿ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ, ಹಿಡಿಯಲಿ ಬಿಡಿ.

ಪೂರ್ತಿ ಒಣಗಿದ ಮೇಲೆ ಎರಡನೇ ಕೋಟು ಸುಮಾರು 8 ಇಂಚು ಅಗಲಕ್ಕೆ, ಅದು ಒಣಗಿದ ಮೇಲೆ ಮೂರನೆಯದು 12 ಇಂಚಿಗೆ. ಅಡ್ಡ ಜಾಯಿಂಟಿಗೆ ಇನ್ನೂ ಅಗಲ ಬೇಕು. ಅಂಚಿನಲ್ಲಿ ಪದರ ಇಲ್ಲವೆನ್ನುವಷ್ಟು ತೆಳುವಾಗಲಿ. ಸ್ಕ್ರೂ ತಲೆಗಳಿಗೂ ಜೊತೆಜೊತೆಗೇ ಹಚ್ಚುತ್ತಾ ಬನ್ನಿ. ಮಳೆಗಾಲದಲ್ಲಿ ಒಣಗಲು ಹೆಚ್ಚು ದಿನ ಬೇಕು. ಬಣ್ಣ ಕಪ್ಪಾಗಿ ಕಂಡರೆ ಇನ್ನೂ ಹಸಿ ಇದೆ.

ಉಜ್ಜಲು 150 ನಂಬರಿನ ಸ್ಯಾಂಡ್ ಪೇಪರ್, ಕೊನೆಗೆ 220. ಮುಖಕ್ಕೇ ಧೂಳು ಬೀಳುತ್ತದೆ, ಮಾಸ್ಕು ಕನ್ನಡಕ ಬೇಕೇಬೇಕು. ಬೋರ್ಡಿನ ಕಾಗದ ನಾರು ಏಳುವಷ್ಟು ಉಜ್ಜಬೇಡಿ. ಸಂಜೆ ಲೈಟು ಆರಿಸಿ, ಟಾರ್ಚನ್ನು ಸೀಲಿಂಗಿಗೆ ತಾಗಿಸಿದ ಹಾಗೆ ಹಿಡಿದು ಅಡ್ಡಲಾಗಿ ಬೆಳಕು ಬಿಡಿ. ಹಗಲಲ್ಲಿ ಕಾಣದ ಉಬ್ಬುತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಪೆನ್ಸಿಲ್ ಗುರುತು ಹಾಕಿ, ಬೆಳಿಗ್ಗೆ ಸರಿಮಾಡಿ. ಧೂಳು ಒರೆಸಿ ಇಡೀ ಸೀಲಿಂಗಿಗೆ ಒಂದು ಕೋಟು ಪ್ರೈಮರ್ ಹೊಡೆಯಿರಿ. ಒಣಗಿದ ಮೇಲೆ ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಬಣ್ಣದ ಡಬ್ಬಿ ತೆರೆಯಿರಿ.