ರಾಡೋ ಪ್ಲೇಟೋ? ಮೂಳೆ ಸರ್ಜರಿಗೆ ಕೋಡ್ ಹಾಕುವುದು ಹೀಗೆ

ನಮ್ಮ ಕಡೆ ಯಾರದಾದರೂ ಕಾಲು ಮುರಿಯಿತು ಅಂದರೆ ನೋಡಲು ಬಂದವರೆಲ್ಲ ಕೇಳುವುದು ಒಂದೇ: ‘ರಾಡ್ ಹಾಕಿದ್ರಾ, ಪ್ಲೇಟ್ ಹಾಕಿದ್ರಾ?’ ಬೆಂಗಳೂರಿನ ಆಫೀಸುಗಳಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ, ರೋಗಕ್ಕೂ ಚಿಕಿತ್ಸೆಗೂ ಬಿಲ್ಲಿಗೆ ಬೇಕಾದ ಕೋಡ್ ಹಾಕುವ ಮೆಡಿಕಲ್ ಕೋಡರ್ ಕೂಡ ಕೊನೆಗೆ ಕೇಳುವುದು ಇದನ್ನೇ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಮುಗಿಸಿ ಈ ಕೆಲಸಕ್ಕೆ ಸೇರುವವರಿಗೆ ಆರ್ಥೋ ಚಾರ್ಟ್ ಅಂದರೆ ಸ್ವಲ್ಪ ಭಯ. ಭಯ ಬೇಡ, ಒಂದು ಕಾಲು ಹಿಡಿದುಕೊಂಡು ನೋಡೋಣ.

ಆಫೀಸಿನ ಚಾರ್ಟ್ ಹೊರಗೆ ತರುವಂತಿಲ್ಲ. ಹಾಗಾಗಿ ನಮ್ಮ ಚಿಕ್ಕಪ್ಪನ ಕಾಲೇ ಗತಿ. ಮಳೆಯಲ್ಲಿ ಸ್ಕೂಟರ್ ಜಾರಿ ಬಲಗಾಲಿನ ಟಿಬಿಯಾ, ಅಂದರೆ ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ನಡುವಿನಲ್ಲಿ ಚೂರುಚೂರಾಗಿ ಜಾಗ ತಪ್ಪಿತ್ತು. ಪಕ್ಕದ ಸಣ್ಣ ಮೂಳೆ ಫಿಬುಲಾ ಕೂಡ ಹಾಗೇ ಮುರಿದಿತ್ತು. ಚರ್ಮ ಹರಿದಿರಲಿಲ್ಲ. ಒಳಗೆ ರಾಡ್ ಕೂರಿಸಿ, ಮೇಲೆ ಕೆಳಗೆ ಲಾಕಿಂಗ್ ಸ್ಕ್ರೂ ಹಾಕಿದರು. ಇದೇ ಅಮೆರಿಕದ ಚಾರ್ಟ್ ಆಗಿದ್ದರೆ?

ಮೊದಲು ಮುರಿತದ ಕೋಡ್. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಇದಕ್ಕೆ ಐಸಿಡಿ-10-ಸಿಎಂ, ಅಂದರೆ ರೋಗ, ಗಾಯಗಳ ಕೋಡ್ ಪುಸ್ತಕ. ಚಾರ್ಟಿನಲ್ಲಿ ಹುಡುಕಬೇಕಾದ್ದು ಇಷ್ಟು: ಯಾವ ಮೂಳೆ, ಅದರ ಯಾವ ಭಾಗ, ಎಡವೋ ಬಲವೋ, ಹೇಗೆ ಮುರಿದಿದೆ, ಜಾಗ ತಪ್ಪಿದೆಯಾ, ಚರ್ಮ ಹರಿದಿದೆಯಾ. ಚಿಕ್ಕಪ್ಪನ ಟಿಬಿಯಾಕ್ಕೆ ಬರುವುದು ಎಸ್82.251ಎ, ಫಿಬುಲಾಕ್ಕೆ ಎಸ್82.451ಎ. ಡಾಕ್ಟರ್ ಜಾಗ ತಪ್ಪಿದ ವಿಷಯ ಬರೆದೇ ಇಲ್ಲ ಅಂದರೆ ತಪ್ಪಿದೆ ಅಂತಲೇ ಹಿಡಿಯಬೇಕು. ಓಪನ್ನೋ (ಚರ್ಮ ಹರಿದದ್ದು) ಕ್ಲೋಸ್ಡೋ (ಹರಿಯದ್ದು) ಬರೆದಿಲ್ಲ ಅಂದರೆ ಕ್ಲೋಸ್ಡ್. ಇದು ನಿಯಮ, ನಮ್ಮ ಊಹೆ ಅಲ್ಲ. ವಯಸ್ಸಾದವರು ಸುಮ್ನೆ ಎಡವಿ ಬಿದ್ದಿದ್ದಕ್ಕೆ ಮುರಿದಿದ್ದು, ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಇದೆ ಅಂತ ಬರೆದಿದ್ದರೆ ಎಸ್ ಕೋಡ್ ಬಿಟ್ಟು ಎಂ80ಕ್ಕೆ ಹೋಗಿ.

ಕೊನೆಯ ಅಕ್ಷರದಲ್ಲಿ ಜಾಸ್ತಿ ಜನ ಜಾರುತ್ತಾರೆ. ‘ಎ’ ಅಂದರೆ ಮೊದಲ ಭೇಟಿ ಅಂತ ಅಲ್ಲ, ಮುರಿತಕ್ಕೆ ಚಿಕಿತ್ಸೆ ಇನ್ನೂ ನಡೆಯುತ್ತಿದೆ ಅಂತ. ಸೋಮವಾರ ಎಮರ್ಜೆನ್ಸಿಯಲ್ಲಿ ನೋಡಿ ಮುಂದಿನ ವಾರ ಬೇರೆ ಸರ್ಜನ್ ಆಪರೇಷನ್ ಮಾಡಿದರೂ ಅದು ‘ಎ’. ಆಮೇಲೆ ಮೂಳೆ ಸರಿಯಾಗಿ ಕೂಡಿಕೊಳ್ಳುತ್ತಿದೆಯಾ ಅಂತ ನೋಡಲು ಬಂದರೆ ‘ಡಿ’, ನಿಧಾನವಾದರೆ ‘ಜಿ’, ಕೂಡಿಕೊಳ್ಳಲೇ ಇಲ್ಲ ಅಂದರೆ ‘ಕೆ’. ಈ ‘ಕೆ’ ರೋಗಿಗೆ ಮತ್ತೆ ಆಪರೇಷನ್ ಮಾಡಿದಾಗ ಹೊಸಬರು ಗಡಿಬಿಡಿಯಲ್ಲಿ ‘ಎ’ಗೆ ವಾಪಸ್ ಹೋಗುತ್ತಾರೆ. ಹೋಗಬೇಡಿ, ‘ಕೆ’ಯಲ್ಲೇ ಇರಿ. ಚರ್ಮ ಹರಿದ ಮುರಿತವಾದರೆ ಗಸ್ಟಿಲೋ ಟೈಪ್ (ಗಾಯ ಎಷ್ಟು ಜೋರು ಅಂತ ಹೇಳುವ ದರ್ಜೆ) ನೋಡಿ: 1, 2 ಆದರೆ ‘ಬಿ’, 3 ಆದರೆ ‘ಸಿ’, ಟೈಪ್ ಬರೆದೇ ಇಲ್ಲದಿದ್ದರೆ ‘ಬಿ’.

ಈಗ ಅಸಲಿ ತಲೆನೋವು, ‘ಓಪನ್’ ಅನ್ನುವ ಪದ. ನಾನು ಸೇರಿದ ಹೊಸದರಲ್ಲಿ ಆಪರೇಷನ್ ನೋಟಿನ ತಲೆಯಲ್ಲಿ ‘ಓಪನ್ ರಿಡಕ್ಷನ್ ಇಂಟರ್ನಲ್ ಫಿಕ್ಸೇಷನ್’ ಅಂತ ಇದ್ದದ್ದು ನೋಡಿ, ಆಹಾ ಓಪನ್, ಅಂತ ಮುರಿತಕ್ಕೆ ‘ಬಿ’ ಹಾಕಿ ಕಳಿಸಿದೆ. ಆಡಿಟ್ ಶೀಟ್ ಕೆಂಪಾಗಿ ವಾಪಸ್ ಬಂತು. ಓಪನ್ ಫ್ರಾಕ್ಚರ್ ಅಂದರೆ ಬಿದ್ದಾಗಲೇ ಚರ್ಮ ಹರಿದದ್ದು, ಓಪನ್ ಟ್ರೀಟ್‌ಮೆಂಟ್ ಅಂದರೆ ಡಾಕ್ಟರ್ ಕೊಯ್ದದ್ದು. ಎರಡಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ತಮಾಷೆ: ಮುರಿದ ಜಾಗ ತೆರೆಯದೆ, ದೂರದಿಂದ ಮೂಳೆಗೆ ತೂತು ಮಾಡಿ ರಾಡ್ ಇಳಿಸಿದರೂ ಸಿಪಿಟಿ ಪುಸ್ತಕ (ಡಾಕ್ಟರ್ ಮಾಡಿದ ಕೆಲಸದ ಕೋಡ್ ಇರುವುದು) ಅದನ್ನು ಓಪನ್ ಟ್ರೀಟ್‌ಮೆಂಟ್ ಅಂತಲೇ ಕರೆಯುತ್ತದೆ. ಎಕ್ಸ್‌ರೇ ನೋಡಿಕೊಂಡು ಚರ್ಮದ ಮೇಲಿಂದಲೇ ಪಿನ್ ಚುಚ್ಚಿ ಮುರಿತವನ್ನು ಹಿಡಿಸಿದರೆ ಓಪನ್ನೂ ಅಲ್ಲ, ಕ್ಲೋಸ್ಡೂ ಅಲ್ಲ, ಅದು ಪರ್‌ಕ್ಯುಟೇನಿಯಸ್. ಆದ್ದರಿಂದ ತಲೆಬರಹ ನಂಬಬೇಡಿ, ಡಾಕ್ಟರ್ ಎಲ್ಲಿ ಕೊಯ್ದರು, ಏನು ಕಂಡರು, ಏನು ಕೂರಿಸಿದರು ಅಂತ ಒಳಗಿನ ಸಾಲುಗಳನ್ನು ಪೂರ್ತಿ ಓದಿ.

ಓದಿದ ಮೇಲೆ ಸರ್ಜನ್ ಬಿಲ್ಲಿಗೆ ಸಿಪಿಟಿ ಕೋಡ್. ಟಿಬಿಯಾದ ನಡುಭಾಗಕ್ಕೆ ಪ್ಲೇಟ್ ಆದರೆ 27758, ರಾಡ್ ಆದರೆ 27759. ಬಲಗಾಲು, ಹಾಗಾಗಿ ಜೊತೆಗೆ ಬಲಗಡೆ ಅಂತ ತೋರಿಸುವ ಆರ್‌ಟಿ ಮಾಡಿಫೈಯರ್. ಎರಡೋ ಐದೋ ಸ್ಕ್ರೂ, ಕೋಡ್ ಒಂದೇ. ‘ಫಿಬುಲಾ ಮುರಿದಿದ್ದರೂ ಇಲ್ಲದಿದ್ದರೂ’ ಅಂತ ಕೋಡಿನ ವಿವರಣೆಯಲ್ಲೇ ಇದೆ, ಆದ್ದರಿಂದ ಆ ಸಣ್ಣ ಮೂಳೆಗೆ ರೋಗದ ಕೋಡ್ ಇದ್ದರೂ ಅದರ ಮುರಿತದ ಚಿಕಿತ್ಸೆಗೆ ಅಂತ ಬೇರೆ ಸಿಪಿಟಿ ಸೇರಿಸಬೇಡಿ. ಮಣಿಕಟ್ಟಿನ ಹತ್ತಿರ ರೇಡಿಯಸ್ (ಮುಂಗೈಯ ಹೆಬ್ಬೆರಳಿನ ಕಡೆಯ ಮೂಳೆ) ಮುರಿದು ಕೊಯ್ದು ಪ್ಲೇಟ್ ಹಾಕಿದರೆ ಲೆಕ್ಕ ಬೇರೆ: ಕೀಲಿನೊಳಗೆ ಬಿರುಕು ಹೋಗಿಲ್ಲದಿದ್ದರೆ 25607, ಹೋಗಿದ್ದು ಎರಡು ತುಂಡು ಹಿಡಿಸಿದರೆ 25608, ಮೂರು ಅಥವಾ ಜಾಸ್ತಿ ಆದರೆ 25609. ಇಲ್ಲಿ ತುಂಡು ಎಣಿಸಲೇಬೇಕು.

ರೋಗಿ ಅಡ್ಮಿಟ್ ಆಗಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಐಸಿಡಿ-10-ಪಿಸಿಎಸ್, ಅಂದರೆ ಚಿಕಿತ್ಸೆಗಳ ಇನ್ನೊಂದು ಕೋಡ್ ಪುಸ್ತಕ; ಇದರ ಕೋಡ್ ಯಾವಾಗಲೂ ಏಳು ಅಕ್ಷರ. ಜಾಗ ತಪ್ಪಿದ್ದನ್ನು ಕೂರಿಸಿದರೆ ರಿಪೊಸಿಷನ್, ಜಾಗ ತಪ್ಪದ ಮೂಳೆಗೆ ಸುಮ್ನೆ ಪ್ಲೇಟ್ ಬಿಗಿದರೆ ಇನ್ಸರ್ಷನ್. ಆರನೇ ಅಕ್ಷರ ಹಾಕಿದ ಸಾಮಾನಿಗೆ: ಪ್ಲೇಟ್, ಸ್ಕ್ರೂಗೆ 4, ರಾಡಿಗೆ 6. ಬಲ ಟಿಬಿಯಾ ಕೊಯ್ದು ತೆರೆದು ಕೂರಿಸಿದ್ದರೆ ಪ್ಲೇಟಿಗೆ 0ಕ್ಯೂಎಸ್‌ಜಿ04ಝಡ್, ರಾಡಿಗೆ 0ಕ್ಯೂಎಸ್‌ಜಿ06ಝಡ್. ನೋಡಲು ಬಂದವರ ಪ್ರಶ್ನೆ ಆ ಒಂದು ಅಂಕಿಯಲ್ಲಿದೆ.

ಕಳಿಸುವ ಮುಂಚೆ ತಾರೀಕು ನೋಡಿ. ಈ ಸರ್ಜರಿಗಳಿಗೆ 90 ದಿನದ ಗ್ಲೋಬಲ್ ಪೀರಿಯಡ್ ಇದೆ, ಅಷ್ಟರೊಳಗೆ ಅದೇ ಸರ್ಜನ್ ಹತ್ತಿರ ಮಾಮೂಲಿ ತೋರಿಸಲು ಬಂದರೆ ಬೇರೆ ಬಿಲ್ ಇಲ್ಲ. ಚಿಕ್ಕಪ್ಪ ಈಗ ‘ರಾಡ್ ತೆಗೆಸಲಾ?’ ಅಂತ ಕೇಳುತ್ತಿದ್ದಾರೆ. ಡಾಕ್ಟರನ್ನೇ ಕೇಳಿ ಅಂದೆ. ತೆಗೆಸಿದರೆ 20680, ಸ್ಕ್ರೂ ತೆಗೆಯಲು ಮೂರು ಕಡೆ ಕೊಯ್ದರೂ ಮುರಿತ ಒಂದೇ, ಹಾಗಾಗಿ ಒಂದೇ ಸಲ.