ಥೆರಪಿ ಕೆಲಸಕ್ಕೆ ಸಾಕುನಾಯಿಯನ್ನು ಅಣಿಗೊಳಿಸುವುದು

ಥೆರಪಿ ನಾಯಿ ಅಂಧರಿಗೆ ದಾರಿ ತೋರಿಸುವ ನಾಯಿಯಲ್ಲ. ತನ್ನ ಮನೆಯವರ ಜೊತೆಯಲ್ಲಿ ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಹೋಗಿ, ಗುರುತಿಲ್ಲದವರ ಪಕ್ಕದಲ್ಲಿ ಸಮಾಧಾನವಾಗಿ ಕುಳಿತು ಮೈ ಸವರಿಸಿಕೊಳ್ಳುವ ನಾಯಿ. ಆದ್ದರಿಂದ ನೋಡಬೇಕಾದದ್ದು ತಳಿಯನ್ನಲ್ಲ, ಸ್ವಭಾವವನ್ನು. ಪುಣೆಯ ಕೋಥರೂಡಿನ ನಮ್ಮ ಮನೆಯ ನಾಯಿಯ ಹೆಸರು ಬೆಳ್ಳಿ. ಅವಳು ಬೀದಿಯಿಂದ ಬಂದ ನಾಟಿ ನಾಯಿ. ಹೊಸಬರು ಬಂದರೆ ತಾನಾಗಿಯೇ ಹೋಗಿ ಅವರ ಮಂಡಿಗೆ ತಲೆ ಆನಿಸುತ್ತಾಳೆ. ಈ ಒಲವು ಇಲ್ಲದ ನಾಯಿಯನ್ನು ಒತ್ತಾಯಿಸಬಾರದು. ಒಂದು ವರ್ಷ ತುಂಬದ ಮರಿಯನ್ನೂ ಕರೆದೊಯ್ಯಬಾರದು.

ರೇಬೀಸ್ ಲಸಿಕೆಯ ಜೊತೆಗೆ, ಇಲ್ಲಿನ ಮಳೆಗಾಲವನ್ನು ನೆನೆದು ಇಲಿಜ್ವರದ ಲಸಿಕೆಯನ್ನೂ ಹಾಕಿಸಿ, ಜಂತುಹುಳು ಮತ್ತು ಉಣ್ಣೆಗಳಿಗೆ ಪಶುವೈದ್ಯರ ಸಲಹೆಯಂತೆ ಔಷಧ ಕೊಡಿಸಬೇಕು. ಹಸಿಮಾಂಸದಲ್ಲಿರುವ ಸಾಲ್ಮೊನೆಲ್ಲಾದಂಥ ರೋಗಾಣುಗಳು ನಾಯಿಯಿಂದ ಅಶಕ್ತರಿಗೆ ದಾಟಬಹುದಾದ್ದರಿಂದ ಬೇಯಿಸಿದ ಆಹಾರವನ್ನೇ ಕೊಡಬೇಕು. ಮುದುಕರ ಚರ್ಮ ಬಹಳ ತೆಳು. ಉಗುರು ಕತ್ತರಿಸಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡುವುದನ್ನು ಮರೆಯಬಾರದು.

ನಮ್ಮಂಥ ಕನ್ನಡದ ಮನೆಗಳಲ್ಲಿ ಒಂದು ತೊಡಕಿದೆ: ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ, ಮನೆಗೆಲಸಕ್ಕೆ ಬರುವ ಮಾವ್ಶಿ ಮರಾಠಿಯಲ್ಲಿ ‘ಬಸ್’ ಎನ್ನುತ್ತಾರೆ, ಮಕ್ಕಳು ‘ಸಿಟ್’ ಎನ್ನುತ್ತಾರೆ. ಎಲ್ಲರೂ ಕೂಡಿ ಒಂದೇ ಪದವನ್ನು ಆರಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ‘ಬಿಡು’ ಎಂಬುದನ್ನು ಕಲಿಸಿ, ಏಕೆಂದರೆ ಆಶ್ರಮದ ನೆಲದ ಮೇಲೆ ಯಾರದೋ ಕೈಜಾರಿದ ಮಾತ್ರೆ ಬಿದ್ದಿರಬಹುದು, ಅದನ್ನು ನುಂಗಿದರೆ ಪ್ರಾಣಕ್ಕೇ ಅಪಾಯ.

ಬಳಿಕ ಗಾಲಿಕುರ್ಚಿ, ವಾಕರ್, ನುಣುಪಾದ ಟೈಲ್ಸು, ಲಿಫ್ಟ್ ಇವುಗಳ ರೂಢಿ ಮಾಡಿಸಬೇಕು. ವಾಕರನ್ನು ಮೊದಲು ಕೋಣೆಯ ಆ ತುದಿಯಲ್ಲಿ ಸುಮ್ಮನೆ ಇಟ್ಟು, ನಾಯಿ ಅದರತ್ತ ನೋಡಿದಾಗ ಬೇಯಿಸಿದ ಕೋಳಿಯ ಚೂರು ಕೊಟ್ಟು, ದಿನಗಳು ಕಳೆದಂತೆ ಹತ್ತಿರ ತಂದು, ಕೊನೆಗೆ ವಾಕರನ್ನು ಹಿಡಿದು ನಡೆಯಬೇಕು. ನಾನು ಅವಸರ ಮಾಡಿದ್ದೆ: ಮೊದಲ ಭೇಟಿಯಲ್ಲೇ ಅಜ್ಜಿಯೊಬ್ಬರ ಊರುಗೋಲು ದಡಾರನೆ ಬಿದ್ದು, ಬೆಳ್ಳಿ ಹೆದರಿ ಮಂಚದ ಕೆಳಗೆ ಸೇರಿ ಅರ್ಧ ಗಂಟೆ ಹೊರಗೆ ಬರಲಿಲ್ಲ. ಆಮೇಲೆ ಎರಡು ತಿಂಗಳು ಮನೆಯಲ್ಲೇ ಕೋಲು ಬೀಳಿಸುವ ಅಭ್ಯಾಸ ನಡೆಸಿದೆವು, ಮೊದಲು ಚಾಪೆಯ ಮೇಲೆ, ನಂತರ ಬರಿನೆಲದ ಮೇಲೆ. ಗಣೇಶೋತ್ಸವಕ್ಕೆ ಮುನ್ನ ಮುಠಾ ನದಿಯ ದಂಡೆಯಲ್ಲಿ ನಡೆಯುವ ಢೋಲ್-ತಾಶಾ ವಾದ್ಯಗಳ ತಾಲೀಮಿಗೆ ನಾಯಿಯನ್ನು ಕರೆದೊಯ್ದು ಧೈರ್ಯ ಬರಿಸುತ್ತೇವೆನ್ನುವುದು ತಪ್ಪು. ಅಷ್ಟು ದೊಡ್ಡ ಸದ್ದು ಭಯವನ್ನೇ ಬೆಳೆಸುತ್ತದೆ.

ಇನ್ನು ನೀವು ಕಲಿಯಬೇಕಾದದ್ದು ನಾಯಿಯ ನಿರಾಕರಣೆಯನ್ನು ಓದುವುದು. ನಿದ್ದೆಯಿಲ್ಲದೆ ಆಕಳಿಸುವುದು, ತಿನಿಸಿಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಬಾಲ ಒಳಗೆಳೆದುಕೊಳ್ಳುವುದು, ಇವೆಲ್ಲ ‘ಸಾಕು’ ಎನ್ನುವ ಮಾತುಗಳೇ. ಗದರಿಸಿ ಈ ಮಾತನ್ನು ಅಡಗಿಸಿದ ನಾಯಿ ಒಂದು ದಿನ ಎಚ್ಚರಿಕೆಯೇ ಇಲ್ಲದೆ ಕಚ್ಚೀತು. ಮೊದಲ ಭೇಟಿಗಳು ಹದಿನೈದು ನಿಮಿಷ ಮೀರದಿರಲಿ. ಇನ್ನೊಬ್ಬ ಅಜ್ಜ ಕೈಚಾಚಿ ಕರೆಯುತ್ತಿದ್ದರೂ, ಬೆಳ್ಳಿ ಆಕಳಿಸಿದರೆ ನಾನು ಅವರ ಕ್ಷಮೆ ಕೇಳಿ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ.